14 ಮಿಲಿಮೀಟರ್

ಏಳು ವಾರಕ್ಕೆ ಗರ್ಭ ತೆಗೆಸಲು ಮಾತ್ರೆ ತೆಗೆದುಕೊಂಡು 12 ದಿನ ಆಗಿತ್ತು. ಹೊಟ್ಟೆ ಹಿಂಡುವ ನೋವು, ಗಡ್ಡೆ ಗಡ್ಡೆ ರಕ್ತ ಎಲ್ಲ ನಿಂತು, ಈಗ ಸ್ವಲ್ಪ ಕಂದು ಕಲೆ ಮಾತ್ರ. ಪೂರ್ತಿ ಹೋಗಿದೆಯಾ ಅಂತ ನೋಡಿಸಲು ಅಕ್ಕನ ಜೊತೆ ಸ್ಕ್ಯಾನ್‌ಗೆ ಹೋದೆ.

ಹೊರಗೆ ತುಂಬು ಬಸುರಿಯರ ಸಾಲು. ಅವರ ಮಧ್ಯೆ ಕೂರುವುದು ಸ್ಕ್ಯಾನ್‌ಗಿಂತ ಕಷ್ಟ ಅನ್ನಿಸಿತು.

"ಮೂತ್ರ ಮಾಡಿ ಬನ್ನಿ, ಒಳಗಿಂದ ನೋಡಬೇಕು" ಅಂದರು. ಒಳಗೆ ಇಡುವ ಸ್ಕ್ಯಾನ್ ಕಡ್ಡಿ (ಪ್ರೋಬ್) ತಣ್ಣಗಿತ್ತು. ನೋವಿಲ್ಲ, ಒತ್ತಿದ ಹಾಗೆ ಅಷ್ಟೇ. ನಾನು ಪರದೆಯನ್ನೇ ನೋಡುತ್ತಿದ್ದೆ. ಮೊದಲ ಸಲ ಕಪ್ಪಗೆ, ದುಂಡಗೆ ಕಾಣಿಸಿದ್ದ ಗರ್ಭದ ಚೀಲ ಇರಲಿಲ್ಲ. ಆ ಜಾಗದಲ್ಲಿ ಬೂದು ಬಣ್ಣ, ಕಲಸಿಟ್ಟ ಹಾಗೆ.

ರಿಪೋರ್ಟ್‌ನಲ್ಲಿ ಬರೆದಿದ್ದರು: ಗರ್ಭಕೋಶದ ಒಳಪದರದ ದಪ್ಪ 14 ಮಿಲಿಮೀಟರ್, ಗರ್ಭದ ಉಳಿಕೆ ಇರಬಹುದು. ಕೈ ನಡುಗಿತು. ಹಿಂದಿನ ದಿನ ಮನೆಯಲ್ಲಿ ಮಾಡಿದ್ದ ಗರ್ಭದ ಪರೀಕ್ಷೆಯಲ್ಲೂ ಎರಡು ಗೆರೆ ಬಂದಿತ್ತು. ಇಂಥ ಕಾಗದ ಕೈಗೆ ಕೊಡುವಾಗ ಯಾರಾದರೂ ಒಂದು ಮಾತು ಹೇಳಬಾರದಾ?

"ಕ್ಲೀನ್ ಮಾಡಿಸಬೇಕಾ ಡಾಕ್ಟ್ರೇ?" ಒಳಗೆ ಹೋದ ಕೂಡಲೇ ಕೇಳಿದೆ.

ಅವರು ರಿಪೋರ್ಟ್ ನೋಡಿ ಪಕ್ಕಕ್ಕಿಟ್ಟು ನನ್ನನ್ನೇ ಕೇಳಿದರು. ದಿನಕ್ಕೆ ಎಷ್ಟು ಪ್ಯಾಡ್? ಜ್ವರ ಬಂತಾ? ನೋವು ಜಾಸ್ತಿ ಆಗ್ತಿದೆಯಾ? ಕೆಟ್ಟ ವಾಸನೆ ಇದೆಯಾ? ಕಲೆ ಮಾತ್ರ ಅಂದೆ, ಉಳಿದದ್ದಕ್ಕೆಲ್ಲ ಇಲ್ಲ ಅಂದೆ.

"ನಾವು ನೋಡಬೇಕಿದ್ದದ್ದು ಚೀಲ ಹೋಗಿದೆಯಾ ಅಂತ. ಹೋಗಿದೆ. ಈಗ ಕಾಣ್ತಿರೋದು ಹೆಪ್ಪುಗಟ್ಟಿದ ರಕ್ತ, ಪದರದ ಚೂರು ಇರಬಹುದು. ಮಾತ್ರೆ ತಗೊಂಡ ಮೇಲೆ ತುಂಬಾ ಜನರಿಗೆ ಹೀಗೇ ಕಾಣುತ್ತೆ. ಮುಟ್ಟು ಬಂದಾಗ ಹೋಗುತ್ತಮ್ಮ. ಬರೀ ದಪ್ಪ ನೋಡಿ ಕ್ಲೀನ್ ಮಾಡೋದಿಲ್ಲ. ಗರ್ಭಕೋಶಕ್ಕೆ ಸುಮ್ನೆ ಯಾಕೆ ಗಾಯ ಮಾಡಬೇಕು?"

ಎರಡು ಗೆರೆಯ ವಿಷಯ ಹೇಳಿದೆ. ರಕ್ತದಲ್ಲಿ ಗರ್ಭದ ಹಾರ್ಮೋನ್ ಪೂರ್ತಿ ಇಳಿಯಲು ನಾಲ್ಕು ವಾರ ಬೇಕಾಗಬಹುದು, ಅಷ್ಟು ಬೇಗ ಪರೀಕ್ಷೆ ಮಾಡಿದರೆ ಹಾಗೇ ತೋರಿಸುತ್ತದೆ ಅಂದರು. ಆಮೇಲೆ ಬೆರಳು ಎಣಿಸಿ ಹೇಳಿದರು: ಗಂಟೆಗೆ ಎರಡು ದೊಡ್ಡ ಪ್ಯಾಡ್ ಒದ್ದೆಯಾಗಿ, ಸತತ ಎರಡು ಗಂಟೆ ಹಾಗೇ ಆದರೆ ತಕ್ಷಣ ಬರಬೇಕು. ಜ್ವರ ಬಂದರೂ, ತಡೆಯಲಾಗದ ನೋವು ಬಂದರೂ ಕಾಯಬಾರದು.

ಅಕ್ಕ ಅದನ್ನೆಲ್ಲ ರಿಪೋರ್ಟ್‌ನ ಹಿಂದೆಯೇ ಬರೆದುಕೊಂಡಳು. ಐದನೇ ವಾರ ಮುಟ್ಟು ಬಂತು. ನಾನು ಮೊದಲು ಫೋನ್ ಮಾಡಿದ್ದು ಅವಳಿಗೆ.