ಸೆಕೆಂಡ್ ಹ್ಯಾಂಡ್ ವರ್ಟಸ್ ಜಿಟಿ, ನಮ್ಮ ಘಾಟಿ ರಸ್ತೆ ಮತ್ತು ವಾರಂಟಿ ಲೆಕ್ಕ

ಹಾಸನದಲ್ಲಿ ಇದ್ದುಕೊಂಡು ಟರ್ಬೊ ಸೆಡಾನ್ ತಗೋತೀನಿ ಅಂದರೆ ಎಲ್ಲರೂ ಕೇಳುವುದು ಒಂದೇ: "ಎಸ್‌ಯುವಿ ಬಿಟ್ಟು ಅದ್ಯಾಕೆ?" ನನಗೆ ಕಾರು ಓಡಿಸುವುದು ಇಷ್ಟ. ಬೆಳಗ್ಗೆ ಬೇಗ ಹೊರಟು ಬೇಲೂರು ದಾಟಿ ಚಿಕ್ಕಮಗಳೂರಿನ ಕಡೆ ಹೋಗುವಾಗ ರಸ್ತೆ ಖಾಲಿ ಸಿಕ್ಕರೆ, ತಗ್ಗಿನಲ್ಲಿ ಕೂರುವ ಒಳ್ಳೆ ಸೆಡಾನ್ ತಿರುವಿನಲ್ಲಿ ಹೇಗೆ ಹಿಡಿದುಕೊಳ್ಳುತ್ತದೆ ಅನ್ನುವುದು ಓಡಿಸಿದವರಿಗೇ ಗೊತ್ತು. ಹೊಸದಕ್ಕೆ ಕೊಡುವಷ್ಟು ದುಡ್ಡು ಇರಲಿಲ್ಲ. ಹಾಗಾಗಿ ಮೈಸೂರಿನವರೊಬ್ಬರಿಂದ 2022ರ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಪ್ಲಸ್ ತಗೊಂಡೆ. ಕಾರು ಯಾವುದು ಅಂತ ತೀರ್ಮಾನ ಮಾಡಲು ಜಾಸ್ತಿ ಹೊತ್ತು ಹಿಡಿಯಲಿಲ್ಲ, ತಲೆ ತಿಂದದ್ದು ಎಕ್ಸ್‌ಟೆಂಡೆಡ್ ವಾರಂಟಿ, ಅಂದರೆ ಕಂಪನಿಯ ವಾರಂಟಿಯನ್ನು ದುಡ್ಡು ಕಟ್ಟಿ ಇನ್ನಷ್ಟು ವರ್ಷ ಮುಂದುವರಿಸುವುದು. ಇದೇ ಗೊಂದಲದಲ್ಲಿ ನಮ್ಮ ಕಡೆಯವರು ಇನ್ನೂ ಸುಮಾರು ಜನ ಇರುತ್ತಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಂಜಿನ್ ಬಗ್ಗೆ. 1.5 ಲೀಟರ್ ಟಿಎಸ್‌ಐ (ಟರ್ಬೊ ಪೆಟ್ರೋಲ್), 150 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ಆ ಟಾರ್ಕ್ ಪೂರ್ತಿ 1600 ಆರ್‌ಪಿಎಂಗೇ, ಅಂದರೆ ಎಂಜಿನ್ ಇನ್ನೂ ನಿಧಾನವಾಗಿ ತಿರುಗುವಾಗಲೇ ಸಿಗುತ್ತದೆ. ಸಕಲೇಶಪುರದ ಆಚೆ ದೋಣಿಗಾಲ್ ಹತ್ತಿರ ಏರಿನಲ್ಲಿ ಟ್ಯಾಂಕರ್ ಒಂದು ತೆವಳುತ್ತಾ ಇದ್ದರೆ, ಎದುರಿಗೆ ಸ್ವಲ್ಪ ದೂರ ರಸ್ತೆ ಖಾಲಿ ಕಂಡರೆ ಸಾಕು, ಕಾಲು ಒತ್ತಿದ ತಕ್ಷಣ ದಾಟಿ ಹೋಗಬಹುದು. ಇದು ಸುಮ್ನೆ ಶೋಕಿ ಅಲ್ಲ. ಎದುರಿನ ಲೇನಿನಲ್ಲಿ ಕಡಿಮೆ ಹೊತ್ತು ಇರುತ್ತೇವೆ ಅಂದರೆ ಅಪಾಯವೂ ಅಷ್ಟು ಕಡಿಮೆ.

ವಾರಂಟಿಯ ಪ್ರಶ್ನೆ ಎಂಜಿನ್‌ನಿಂದ ಹುಟ್ಟುವುದಲ್ಲ, ಗೇರ್‌ಬಾಕ್ಸ್‌ನಿಂದ. 2022ರಲ್ಲಿ ವರ್ಟಸ್ ಜಿಟಿ ಪ್ಲಸ್ ಬಂದಾಗ ಡಿಎಸ್‌ಜಿ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಮಾತ್ರ ಇತ್ತು, ಮ್ಯಾನುಯಲ್ ಬಂದದ್ದು 2023ರಲ್ಲಿ. ಈ 7 ಗೇರಿನ ಡಿಎಸ್‌ಜಿಗೆ ಡಿಕ್ಯೂ200 ಅಂತ ಹೆಸರು. ಒಳಗೆ ಎರಡು ಕ್ಲಚ್. ಒಂದು 1, 3, 5, 7ಕ್ಕೆ, ಇನ್ನೊಂದು 2, 4, 6 ಮತ್ತು ರಿವರ್ಸ್‌ಗೆ. ಎರಡೂ ಡ್ರೈ ಕ್ಲಚ್, ಅಂದರೆ ಬಿಸಿಯಾದಾಗ ಆ ಶಾಖ ಎಳೆದುಕೊಂಡು ಹೋಗಲು ಸುತ್ತ ಎಣ್ಣೆ ಇರುವುದಿಲ್ಲ. ಇವೆರಡನ್ನೂ ಆಡಿಸುವುದು ಮೆಕಾಟ್ರಾನಿಕ್ ಅನ್ನುವ ಭಾಗ. ಕಂಪ್ಯೂಟರ್, ವಾಲ್ವ್, ಹೈಡ್ರಾಲಿಕ್ ಒತ್ತಡ ಎಲ್ಲ ಒಂದರಲ್ಲೇ ಸೇರಿರುತ್ತದೆ. ಅದು ಹೋಯಿತು ಅಂದರೆ ಲಕ್ಷ ದಾಟುವ ಕೆಲಸ.

ಇನ್ನೊಂದು ವಿಷಯ. ಡಿಕ್ಯೂ200 ತಡೆಯುವುದು 250 ಎನ್‌ಎಂವರೆಗೆ. ಈ ಎಂಜಿನ್ ಕೊಡುವುದೂ ಅಷ್ಟೇ. ಮಿತಿಗೂ ಬಳಕೆಗೂ ನಡುವೆ ಜಾಗವೇ ಇಲ್ಲ. ಇದು ಬರೀ ನನ್ನ ಹೆದರಿಕೆ ಅಲ್ಲ. ಇದೇ ಗೇರ್‌ಬಾಕ್ಸ್ ಬಗ್ಗೆ ದೂರು ಜಾಸ್ತಿಯಾದಾಗ, 2012ರಲ್ಲಿ ಚೀನಾದಲ್ಲಿ ಕಂಪನಿಯೇ ಡಿಎಸ್‌ಜಿ ವಾರಂಟಿಯನ್ನು 10 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್‌ಗೆ ಏರಿಸಿತ್ತು. 2013ರಲ್ಲಿ ಜಗತ್ತಿನಾದ್ಯಂತ 16 ಲಕ್ಷ ಕಾರು ವಾಪಸ್ ಕರೆಸಿ, ಗೇರ್‌ಬಾಕ್ಸಿನ ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ಹಾಕಿದರು. ಆಮೇಲೆ ತುಂಬ ಸುಧಾರಣೆ ಆಗಿದೆ, ನಿಜ. ಆದರೂ ವಿನ್ಯಾಸ ಅದೇ, ಡ್ರೈ ಕ್ಲಚ್ಚೂ ಅದೇ.

ನಮ್ಮ ಕಡೆ ಈ ಕ್ಲಚ್‌ಗೆ ಕಷ್ಟ ಕೊಡುವುದು ವೇಗ ಅಲ್ಲ, ತೆವಳುವುದು. ವೀಕೆಂಡ್‌ನಲ್ಲಿ ಮುಳ್ಳಯ್ಯನಗಿರಿ ಕಡೆ ಹೋಗಿದ್ದೀರಾ? ಏರಿನಲ್ಲಿ ಕಾರುಗಳ ಸಾಲು ಇಂಚಿಂಚು ಮುಂದೆ ಹೋಗುತ್ತದೆ. ಆಗ ಬ್ರೇಕ್ ಅರ್ಧ ಬಿಟ್ಟು, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಗಾಡಿಯನ್ನು ಏರಿನಲ್ಲೇ ನಿಲ್ಲಿಸಿಕೊಂಡರೆ ಕ್ಲಚ್ ಉಜ್ಜುತ್ತಲೇ ಇರುತ್ತದೆ. ಮುಂದಿನ ಗಾಡಿಗೆ ಜಾಗ ಬಿಟ್ಟು, ಬ್ರೇಕ್ ಪೂರ್ತಿ ಒತ್ತಿ ನಿಂತು, ಒಂದು ಗಾಡಿಯಷ್ಟು ಜಾಗ ಆದ ಮೇಲೆ ಹೊರಡಬೇಕು. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಕಾರು ನೋಡಲು ಹೋದಾಗ ಇದನ್ನೇ ತಲೆಯಲ್ಲಿಟ್ಟುಕೊಂಡಿದ್ದೆ. ಎಂಜಿನ್ ಬಿಸಿ ಮಾಡಬೇಡಿ ಅಂತ ಮೊದಲೇ ಫೋನಿನಲ್ಲಿ ಹೇಳಿದ್ದೆ. ಅವರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ಮೇಲೆ ಬರುವ ರ‍್ಯಾಂಪ್ ಇತ್ತಲ್ಲ, ಅದರ ಮಧ್ಯೆ ನಿಲ್ಲಿಸಿ ರಿವರ್ಸ್‌ನಲ್ಲಿ ನಿಧಾನವಾಗಿ ಹತ್ತಿಸಿದೆ. ಕ್ಲಚ್ ಸವೆದಿದ್ದರೆ ಸೀಟಿನ ಕೆಳಗೆ ಗಡಗಡ ಅಂತ ನಡುಕ ಬರುತ್ತದೆ. ಬರಲಿಲ್ಲ. ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಬೀಳುವಾಗಲೂ ಎಳೆದಾಟ ಇರಲಿಲ್ಲ. ಟೈರ್ ನೋಡಿದೆ. ಮೂರರ ಮೇಲೆ 2022ರ ತಾರೀಖು, ಒಂದರ ಮೇಲೆ ಮಾತ್ರ 0924, ಅಂದರೆ 2024ರ 9ನೇ ವಾರದ್ದು. ಕೇಳಿದರೆ ಗುಂಡಿಗೆ ಬಿದ್ದು ಸೈಡ್‌ವಾಲ್ ಹೋಯ್ತು ಅಂದರು. ಕಾರನ್ನು ಲಿಫ್ಟ್ ಮೇಲೆ ಹಾಕಿಸಿ ಅದೇ ಮೂಲೆಯ ಸಸ್ಪೆನ್ಷನ್ ನೋಡಿಸಿದೆ, ಸರಿ ಇತ್ತು. ಸರ್ವಿಸ್ ಎಲ್ಲ ಕಂಪನಿಯಲ್ಲೇ ಆಗಿತ್ತು, 15,000 ಕಿಲೋಮೀಟರ್ ಅಥವಾ ವರ್ಷಕ್ಕೊಂದು, ತಪ್ಪದೆ.

ನೇರವಾಗಿ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ: ರೀಮ್ಯಾಪ್, ಅಂದರೆ ಜಾಸ್ತಿ ಪವರ್‌ಗಾಗಿ ಎಂಜಿನ್ ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿದ್ದೀರಾ? ಇಂಥ ಕಾರಿನಲ್ಲಿ ಇದು ಮಾಮೂಲಿ. ವಾಪಸ್ ಮಾಮೂಲಿ ಸಾಫ್ಟ್‌ವೇರ್ ಹಾಕಿ ಮಾರುವವರೂ ಇದ್ದಾರೆ. ಕಂಪನಿಯವರ ಸಿಸ್ಟಂಗೆ ಅದು ಗೊತ್ತಾದರೆ ಆ ಕಾರಿನ ಮೇಲೆ ಟಿಡಿ1 ಅನ್ನುವ ಗುರುತು ಬೀಳುತ್ತದೆ, ಆಮೇಲೆ ಎಂಜಿನ್, ಗೇರ್‌ಬಾಕ್ಸ್ ಕ್ಲೇಮ್ ಕೊಡದೇ ಇರಬಹುದು. ಅಡ್ವಾನ್ಸ್ ಕೊಡುವ ಮೊದಲೇ ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡಿಸಿ. ಮಾರುವವರು ಒಪ್ಪದಿದ್ದರೆ ಎದ್ದು ಬನ್ನಿ.

ಈಗ ವಾರಂಟಿ. ಈ ಕಾರಿಗೆ ಕಂಪನಿ ಕೊಟ್ಟದ್ದು 4 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ಅದು ಮುಗಿಯುವುದರೊಳಗೆ ದುಡ್ಡು ಕಟ್ಟಿದರೆ 7 ವರ್ಷದವರೆಗೂ ಮುಂದುವರಿಸಬಹುದು. ಮುಗಿದ ಮೇಲೆ ಹೋದರೆ ಉಳಿಯುವುದು ಹೊರಗಿನವರ ವಾರಂಟಿ. ಅದರಲ್ಲಿ ಸಾಮಾನ್ಯವಾಗಿ ಒಂದು ಕ್ಲೇಮ್‌ಗೆ ಇಂತಿಷ್ಟೇ ಅನ್ನುವ ಮಿತಿ ಇರುತ್ತದೆ, ಇಂಥ ಗೇರ್‌ಬಾಕ್ಸ್‌ಗೆ ಆ ಮಿತಿ ಸಾಲುವುದಿಲ್ಲ.

ಸರ್ವಿಸ್ ಅಡ್ವೈಸರ್‌ಗೆ ಫೋನ್ ಮಾಡಿದೆ. "ಡಿಎಸ್‌ಜಿ ಕವರ್ ಆಗುತ್ತೆ ಸಾರ್" ಅಂದರು. "ಕ್ಲಚ್ ಪ್ಯಾಕೂ ಆಗುತ್ತಾ?" ಅಂದೆ. "ಅದು ನೋಡಿ ಹೇಳ್ತೀನಿ ಸಾರ್." ಮೇಲ್‌ನಲ್ಲಿ ಕಳಿಸಿ ಅಂತ ಕೇಳಿಕೊಂಡೆ. ಮೆಕಾಟ್ರಾನಿಕ್ ಇದೆ, ಕ್ಲಚ್ ಮಾತ್ರ ಸವೆದು ಹೋಗಿದ್ದರೆ ಇಲ್ಲ, ದೋಷ ಅಂತ ಸಾಬೀತಾದರೆ ಉಂಟು ಅಂತ ಉತ್ತರ ಬಂತು. ಬಾಯಿಮಾತಿಗೂ ಬರವಣಿಗೆಗೂ ಎಷ್ಟು ವ್ಯತ್ಯಾಸ ಇತ್ತು ನೋಡಿ. ದಯವಿಟ್ಟು ಯಾರೂ ಫೋನಿನಲ್ಲಿ ಹೇಳಿದ್ದನ್ನು ನಂಬಿ ದುಡ್ಡು ಕಟ್ಟಬೇಡಿ.

ಮಲೆನಾಡಿನಲ್ಲಿ ಕಾರು ಹಾಳು ಮಾಡುವ ಎರಡು ದೊಡ್ಡ ವಿಷಯ ಅಂದರೆ ಮಳೆ ಮತ್ತು ತೋಟದ ರಸ್ತೆ. ಎರಡೂ ವಾರಂಟಿಯಲ್ಲಿ ಬರುವುದಿಲ್ಲ. ಹಳ್ಳ ತುಂಬಿ ಹರಿಯುವಾಗ ದಾಟಿ ಎಂಜಿನ್ ನೀರು ಕುಡಿದರೆ, ಕಲ್ಲು ತಾಗಿ ಆಯಿಲ್ ಸಂಪ್ ಒಡೆದರೆ, ಅದು ಇನ್ಶೂರೆನ್ಸ್ ವಿಷಯ. ಅದರಲ್ಲೂ ಎಂಜಿನ್ ಪ್ರೊಟೆಕ್ಟ್ ಅನ್ನುವ ಆಡ್-ಆನ್ ಇಲ್ಲದಿದ್ದರೆ ನೀರು ಹೊಕ್ಕ ಎಂಜಿನ್‌ಗೆ ದುಡ್ಡು ಸಿಗುವುದು ಕಷ್ಟ. ಹಾಗಾಗಿ ಕೈಯಲ್ಲಿ ಇರುವುದು ಒಂದಕ್ಕೆ ಸಾಕಾಗುವಷ್ಟು ಮಾತ್ರ ಅಂದರೆ, ಸಕಲೇಶಪುರ, ಮೂಡಿಗೆರೆ ಕಡೆಯವರು ಮೊದಲು ಎಂಜಿನ್ ಪ್ರೊಟೆಕ್ಟ್ ಹಾಕಿಸಿ ಅಂತಲೇ ನಾನು ಹೇಳುವುದು.

ಲೆಕ್ಕಕ್ಕೆ ವಾರಂಟಿ 40 ಸಾವಿರ, ರಿಪೇರಿ 2 ಲಕ್ಷ ಅಂದುಕೊಳ್ಳಿ. ಇಂಥ ಐದು ಕಾರಿನಲ್ಲಿ ಒಂದು ಕೆಟ್ಟರೆ ಲೆಕ್ಕ ಸಮ, ಅದಕ್ಕಿಂತ ಕಡಿಮೆ ಕೆಟ್ಟರೆ ಕಂಪನಿಗೆ ಲಾಭ. ಬರೀ ಲೆಕ್ಕ ನೋಡಿದರೆ ಬೇಡ ಅನ್ನಿಸಬಹುದು. ಆದರೆ ನಮ್ಮದು ಕಾಫಿ ಮನೆ. ದುಡ್ಡು ಕೈಗೆ ಬರುವುದು ಕೊಯ್ಲು ಮುಗಿದ ಮೇಲೆ. ಜುಲೈನಲ್ಲಿ, ಗೊಬ್ಬರಕ್ಕೆ, ಆಳುಗಳ ಕೂಲಿಗೆ ಹೊಂದಿಸುತ್ತಾ ಇರುವಾಗ ಗೇರ್‌ಬಾಕ್ಸ್ ಕೈಕೊಟ್ಟರೆ 2 ಲಕ್ಷ ಎಲ್ಲಿಂದ ತರುವುದು? ತಿಂಗಳ ಸಂಬಳದವರಿಗೆ, ಕೈಯಲ್ಲಿ ಉಳಿತಾಯ ಇರುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ಅದೇ 40 ಸಾವಿರವನ್ನು ಪಕ್ಕಕ್ಕಿಟ್ಟರೂ ನಡೆಯುತ್ತದೆ.

ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ಹೆಸರು ವರ್ಗಾವಣೆಗೆ ಫಾರ್ಮ್ 29, 30, ಕಾರಿನ ಮೇಲೆ ಲೋನ್ ಇದ್ದರೆ ಅದನ್ನು ತೆಗೆಸಲು 35. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಆಗಬೇಕು. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹಳೇ ಓನರ್‌ದು, ನಿಮಗೆ ಬರುವುದಿಲ್ಲ. ಆರ್‌ಸಿ ಬಂದ ಮೇಲೆ ಸರ್ವಿಸ್ ಸೆಂಟರ್‌ನಲ್ಲೂ ಹೆಸರು ಬದಲಿಸಿ, ಇಲ್ಲದಿದ್ದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು.

ನಾನು ವಾರಂಟಿ ತಗೊಂಡೆ, 7ನೇ ವರ್ಷದವರೆಗೂ. ಇದೇ ಎಂಜಿನ್‌ಗೆ ಮ್ಯಾನುಯಲ್ ಇರುವ ಸ್ಕೋಡಾದ ಸ್ಲಾವಿಯಾ ಸೆಡಾನ್ ಸಿಕ್ಕಿದ್ದರೆ ಬಹುಶಃ ಆ ದುಡ್ಡನ್ನು ಒಳ್ಳೆ ಟೈರ್‌ಗೆ ಹಾಕುತ್ತಿದ್ದೆ.