ಕ್ಯಾಲ್ಸಿಯಂ ಅಂದ್ರ ಯಾವ ಕ್ಯಾಲ್ಸಿಯಂ?

ವಿಜಯಪುರದ ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ನನ್ನ ಕೆಲಸ. ಹೊಸದಾಗಿ ಸೇರುವ ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ: ವಾರ್ಡಿನಿಂದ "ಕ್ಯಾಲ್ಸಿಯಂ ಕೊಟ್ಟು ಕಳಸ್ರಿ" ಅಂತ ಫೋನ್ ಬಂದರೆ, "ಯಾವ್ದು ಸಿಸ್ಟರ್, ಗ್ಲುಕೊನೇಟೋ ಕ್ಲೋರೈಡೋ?" ಅಂತ ಕೇಳದೆ ಕಪಾಟಿಗೆ ಕೈ ಹಾಕಬೇಡಿ.

ಎರಡೂ ರಕ್ತನಾಳಕ್ಕೆ ಚುಚ್ಚುವ ಕ್ಯಾಲ್ಸಿಯಂ ಲವಣಗಳು, 10% ದ್ರಾವಣ, 10 ಎಂ.ಎಲ್. ಆಂಪೂಲ್ (ಸಣ್ಣ ಮುಚ್ಚಿದ ಸೀಸೆ). ಅಂದರೆ ಎರಡರಲ್ಲೂ ಒಂದೊಂದು ಗ್ರಾಂ ಲವಣ. ಆದರೆ ಗ್ಲುಕೊನೇಟ್‌ನಲ್ಲಿ ನಿಜವಾದ ಕ್ಯಾಲ್ಸಿಯಂ ಸುಮಾರು 93 ಮಿ.ಗ್ರಾಂ., ಕ್ಲೋರೈಡ್‌ನಲ್ಲಿ 270ರ ಆಸುಪಾಸು. ಗ್ಲುಕೊನೇಟ್‌ನ ಉಳಿದ ತೂಕವೆಲ್ಲ ಬಹುತೇಕ ಗ್ಲುಕೊನಿಕ್ ಆಮ್ಲದ್ದು. ಗ್ಲೂಕೋಸ್‌ನಿಂದಲೇ ಹುಟ್ಟುವ ಆಮ್ಲ ಅದು. ಕಾರ್ಖಾನೆಗಳಲ್ಲಿ ಆಸ್ಪರ್ಜಿಲ್ಲಸ್ ನೈಗರ್ ಎಂಬ ಕಪ್ಪು ಬೂಷ್ಟಿನಿಂದ ಮಾಡಿಸುತ್ತಾರೆ. ಕ್ಯಾಲ್ಸಿಯಂನಂಥ ಲೋಹವನ್ನು ಹಿಡಿದುಕೊಳ್ಳುತ್ತದೆ, ಆದರೆ ಮೈಗೆ ಸೌಮ್ಯ. ಕ್ಲೋರೈಡ್ ಕೈಯ ರಕ್ತನಾಳದಿಂದ ಹೊರಗೆ ಸೋರಿದರೆ ಮಾಂಸವೇ ಕೊಳೆಯಬಹುದು. ಗ್ಲುಕೊನೇಟ್‌ನಲ್ಲಿ ಆ ಭಯ ಕಡಿಮೆ, ಪೂರ್ತಿ ಇಲ್ಲವೆಂದಲ್ಲ. ಸೌಮ್ಯವಾಗಿದ್ದಕ್ಕೆ ಕೊಡುವ ಬೆಲೆ ಅಂದರೆ ಲೋಹ ಮೂರನೇ ಒಂದು ಪಾಲು. ಒಂದರ ಬದಲಿಗೆ ಇನ್ನೊಂದನ್ನು ಅಷ್ಟೇ ಎಂ.ಎಲ್. ಕೊಡುವ ಹಾಗಿಲ್ಲ. ಕಬ್ಬಿಣದ ಮಾತ್ರೆಗೂ ಇದೇ ಲೆಕ್ಕ: 300 ಮಿ.ಗ್ರಾಂ. ಫೆರಸ್ ಗ್ಲುಕೊನೇಟ್‌ನಲ್ಲಿ ಕಬ್ಬಿಣ ಸುಮಾರು 35 ಮಿ.ಗ್ರಾಂ. ಮಾತ್ರ.

ಹೆರಿಗೆ ಕೋಣೆಯ ಟ್ರೇ ಮಾತ್ರ ನಾನೇ ನೋಡುತ್ತೇನೆ. ಬಸುರಿಗೆ ಬಿಪಿ ಏರಿ ಫಿಟ್ಸ್ ಬಂದಾಗ ಮ್ಯಾಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಅದು ಅತಿಯಾಗಿ ಉಸಿರು ಕುಗ್ಗಿದರೆ ಮರುಮದ್ದು ಇದೇ ಗ್ಲುಕೊನೇಟ್, ನಿಧಾನಕ್ಕೆ ರಕ್ತನಾಳಕ್ಕೆ. ಹಾಗಾಗಿ ಎರಡೂ ಒಂದೇ ಟ್ರೇನಲ್ಲಿ ಇರಬೇಕು. ಆಂಪೂಲನ್ನು ಬೆಳಕಿಗೆ ಹಿಡಿದು ನೋಡಬೇಕು. 10% ಎಂಬುದು ತಣ್ಣೀರು ತಾನಾಗಿ ಕರಗಿಸಿಕೊಳ್ಳುವುದಕ್ಕಿಂತ ಹೆಚ್ಚು. ತಳದಲ್ಲಿ ಹರಳು ಕಂಡರೆ ಬದಿಗಿಡಬೇಕು. ಫ್ರಿಜ್‌ನಲ್ಲಂತೂ ಇಡಲೇಬಾರದು. ಸೆಫ್ಟ್ರಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಹೋಗುತ್ತಿರುವ ಲೈನಿಗೆ ಇದನ್ನು ಸೇರಿಸಿದರೆ ಗಸಿ ಕಟ್ಟುತ್ತದೆ, ಹಸುಗೂಸುಗಳಲ್ಲಿ ಅದು ಪ್ರಾಣಕ್ಕೇ ಅಪಾಯ.

ಇನ್ನೊಂದು ತಪ್ಪು ತಿಳಿವಳಿಕೆ: ಕಿಡ್ನಿ ಕೆಟ್ಟವರಲ್ಲಿ ಪೊಟ್ಯಾಸಿಯಂ ಏರಿದಾಗ ಕ್ಯಾಲ್ಸಿಯಂ ಗ್ಲುಕೊನೇಟ್ ಕೊಟ್ಟರೆ ಪೊಟ್ಯಾಸಿಯಂ ಇಳಿಯುತ್ತದೆ ಅನ್ನುವುದು. ಇಳಿಯುವುದಿಲ್ಲ. ಹೃದಯದ ಬಡಿತ ಹದ ತಪ್ಪದಂತೆ ಸ್ವಲ್ಪ ಹೊತ್ತು ಕಾಯುತ್ತದೆ, ಅಷ್ಟೇ. ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್, ಗ್ಲೂಕೋಸ್ ಹಿಂದೆಯೇ ಹೊರಡಬೇಕು.

ಮೊನ್ನೆ ಸಿಸ್ಟರ್ ಒಬ್ಬರು ಮುಖಕ್ಕೆ ಹಚ್ಚುವ ಸೀರಮ್ ಬಾಟ್ಲಿ ತಂದು, "ಅಣ್ಣಾರ, ಇದರಾಗೂ ಗ್ಲುಕೊನೊಲ್ಯಾಕ್ಟೋನ್ ಅಂತ ಐತಿ, ಅದ ಏನ್ರಿ ಇದು?" ಅಂದರು. ಅದೇ ಮನೆತನ. ನೀರು ಸೇರಿದರೆ ನಿಧಾನಕ್ಕೆ ಗ್ಲುಕೊನಿಕ್ ಆಮ್ಲವಾಗುತ್ತದೆ. ಸೀರಮ್‌ಗಳಲ್ಲಿ ಬಳಸುವ ಇನ್ನೊಂದು ಆಮ್ಲವಾದ ಗ್ಲೈಕಾಲಿಕ್ ಆಮ್ಲಕ್ಕಿಂತ ದೊಡ್ಡ ಅಣು, ಚರ್ಮದೊಳಗೆ ಮೆಲ್ಲಗೆ ಇಳಿಯುತ್ತದೆ, ಉರಿ ಕಡಿಮೆ. ಇಲ್ಲೂ ಸೌಮ್ಯಕ್ಕೆ ತಕ್ಕ ನಿಧಾನ. ವಾರದಲ್ಲಿ ಮುಖ ಬೆಳಗುತ್ತದೆ ಎಂಬ ಜಾಹೀರಾತನ್ನು ನಾನು ನಂಬುವುದಿಲ್ಲ. ಶಾಂಪೂಗಳಲ್ಲಿ ಸೋಡಿಯಂ ಗ್ಲುಕೊನೇಟ್ ಇರುತ್ತದೆ, ಗಡಸು ನೀರಿನ ಕ್ಯಾಲ್ಸಿಯಂ ಹಿಡಿದಿಡಲು ಅಂದೆ.

"ಹಂಗಾರ ನಮ್ಮ ಬೋರಿನ ನೀರಿಗೆ ಕೂದ್ಲಾ ಉದುರೂದು ನಿಲ್ತೈತೇನ್ರಿ?"

"ಇಲ್ರಿ ಸಿಸ್ಟರ್. ನೊರಿ ಚೊಲೋ ಬರ್ತೈತಿ, ಅಷ್ಟ."