ಆಡುಬಾನರ ಹಕ್ಕಿಗಳು: ಯಾವ ಮೂಲದ ಪ್ರತಿ?

ಹತ್ತೊಂಬತ್ತನೇ ಶತಮಾನದ ಅಮೆರಿಕದ ಚಿತ್ರಕಾರ ಜಾನ್ ಜೇಮ್ಸ್ ಆಡುಬಾನರ ಹಕ್ಕಿಚಿತ್ರಗಳ ಪ್ರತಿಗಳನ್ನು ಮಾರುವವರೆಲ್ಲರೂ ತಮ್ಮದು ಮೂಲಕ್ಕೆ ನಿಷ್ಠವಾದ ಮುದ್ರಣ ಎನ್ನುತ್ತಾರೆ. ಆ ಮೂಲ ಯಾವುದೆಂದು ತಿಳಿಸುವವರು ಮಾತ್ರ ಕಡಿಮೆ.

ಆಡುಬಾನರು ಸ್ವತಃ ರಚಿಸಿದ್ದು ಜಲವರ್ಣ ಚಿತ್ರಗಳನ್ನು. 1863ರಲ್ಲಿ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿಯು ಅವನ್ನು ಅವರ ಪತ್ನಿ ಲೂಸಿಯವರಿಂದ ಕೊಂಡುಕೊಂಡಿತು. ಜಗತ್ತು ಬಲ್ಲ ‘ದಿ ಬರ್ಡ್ಸ್ ಆಫ್ ಅಮೆರಿಕ’ ಗ್ರಂಥದ 435 ಚಿತ್ರಗಳು ಆ ಜಲವರ್ಣಗಳ ಪ್ರತಿಗಳೇ. 1827ರಿಂದ 1838ರವರೆಗೆ ನಡೆದ ಈ ಕೆಲಸದಲ್ಲಿ ಮೊದಲ ಕೆಲವನ್ನು ಎಡಿನ್‌ಬರೋದ ಲಿಝಾರ್ಸ್, ಉಳಿದವನ್ನು ಲಂಡನ್ನಿನ ರಾಬರ್ಟ್ ಹ್ಯಾವೆಲ್ ತಾಮ್ರಫಲಕದ ಮೇಲೆ ಕೊರೆದರು. ನೆರಳಿನ ಭಾಗಗಳಿಗೆ ರಾಳದ ಪುಡಿ ಉದುರಿಸಿ ಆಮ್ಲದಿಂದ ಕೊರೆಯುವ ಅಕ್ವಾಟಿಂಟ್ ವಿಧಾನವನ್ನು ಬಳಸಿ, ಅಚ್ಚಾದ ಪ್ರತಿ ಹಾಳೆಗೂ ಕೈಯಿಂದಲೇ ಬಣ್ಣ ತುಂಬಲಾಯಿತು. ಹಕ್ಕಿಗಳು ನಿಜಗಾತ್ರದಲ್ಲೇ ಇರಬೇಕೆಂಬುದು ಆಡುಬಾನರ ಹಟ. ಹೀಗಾಗಿ ಹಾಳೆಯ ಎತ್ತರ ಸುಮಾರು 39 ಅಂಗುಲವಾಯಿತು. ಅದರಲ್ಲೂ ಹಿಡಿಸದ ಉದ್ದ ಕಾಲಿನ ಹಕ್ಕಿ ಫ್ಲೆಮಿಂಗೊ ಕತ್ತು ಬಗ್ಗಿಸಿ ನಿಲ್ಲಬೇಕಾಯಿತು. (ಆ ಬಾಗಿದ ಕತ್ತೇ ಚಿತ್ರದ ಸೊಗಸು ಎಂದು ನನಗನ್ನಿಸುತ್ತದೆ.)

ಬಣ್ಣ ಕೈಯಿಂದ ತುಂಬಿದ್ದಾದ್ದರಿಂದ ಗ್ರಂಥದ ಒಂದು ಪ್ರತಿಯ ಕೆಂಪು ಇನ್ನೊಂದು ಪ್ರತಿಯ ಕೆಂಪಿಗೆ ಪೂರ್ತಿ ಹೊಂದುವುದಿಲ್ಲ. 1971–72ರ ಆಮ್‌ಸ್ಟರ್‌ಡ್ಯಾಮ್ ಮರುಮುದ್ರಣವು ನೆದರ್ಲೆಂಡ್ಸ್‌ನ ಹಾರ್ಲೆಮ್‌ನ ಟೈಲರ್ಸ್ ವಸ್ತುಸಂಗ್ರಹಾಲಯದ ಪ್ರತಿಯನ್ನು ಅನುಸರಿಸಿದ್ದರಿಂದ ಅದರ ನಿಷ್ಠೆ ಆ ಒಂದು ಪ್ರತಿಗೆ ಮಾತ್ರ. ತಾಮ್ರಫಲಕಗಳಲ್ಲಿ ಬಹುಪಾಲು ಗುಜರಿಗೆ ಹೋಗಿ ಕರಗಿದವು. ಉಳಿದವುಗಳಲ್ಲಿ ಆರರಿಂದ 1985ರಲ್ಲಿ ಹೊಸದಾಗಿ ಅಚ್ಚು ತೆಗೆದಾಗ ರೇಖೆ ಹ್ಯಾವೆಲ್‌ರದ್ದೇ ಆಗಿತ್ತು, ಬಣ್ಣ ನಮ್ಮ ಕಾಲದ್ದು.

ಆದ್ದರಿಂದ ಕೊಳ್ಳುವ ಮುನ್ನ ಕೇಳಬೇಕಾದದ್ದು ಯಾವ ಸಂಗ್ರಹದ ಯಾವ ಹಾಳೆಯನ್ನು ಸ್ಕ್ಯಾನ್ ಮಾಡಲಾಗಿದೆ, ಕಾಲದಿಂದ ಹಳದಿಗಟ್ಟಿದ ಕಾಗದದ ಛಾಯೆಯನ್ನು ಹಾಗೇ ಬಿಟ್ಟಿದ್ದಾರೆಯೇ, ತಿದ್ದಿದ್ದಾರೆಯೇ ಎಂಬುದನ್ನು. ಹಳೆಯದೆಂದು ಹೇಳಿ ಮಾರುವ ಹಾಳೆಯಾದರೆ ಬೆಳಕಿಗೆ ಹಿಡಿದು, ಹ್ಯಾವೆಲ್ ಬಳಸಿದ ವಾಟ್‌ಮನ್ ಕಾಗದದ ನೀರಚ್ಚನ್ನು (ಕಾಗದದೊಳಗೆ ಮೂಡಿಸಿದ ತಯಾರಕರ ಗುರುತನ್ನು) ಹುಡುಕಬೇಕು, ಫಲಕದ ಅಂಚು ಒತ್ತಿದ ಗುರುತನ್ನು ಬೆರಳಿನಿಂದ ಸವರಿ ನೋಡಬೇಕು. ಭೂತಗನ್ನಡಿಯಲ್ಲಿ ಬಣ್ಣದ ಚುಕ್ಕಿಗಳ ಸಾಲು ಕಂಡರೆ ಅದು ಆಧುನಿಕ ಮುದ್ರಣ. ನ್ಯಾಷನಲ್ ಆಡುಬಾನ್ ಸೊಸೈಟಿಯು ಎಲ್ಲ 435 ಚಿತ್ರಗಳನ್ನೂ ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತಿರುವಾಗ, ಹತ್ತಿಯ ಕಾಗದ ಹಾಗೂ ಬೇಗ ಮಾಸದ ಪಿಗ್ಮೆಂಟ್ ಶಾಯಿ ಬಳಸುವ ಮುದ್ರಕರಲ್ಲಿ ನಾವೇ ಅಚ್ಚು ಹಾಕಿಸಿಕೊಳ್ಳುವುದು ಹೆಚ್ಚು ಜಾಣತನವೆಂದು ನನ್ನ ಅಭಿಪ್ರಾಯ. ಗಾತ್ರದಲ್ಲಿ ಮಾತ್ರ ಜಿಪುಣತನ ಬೇಡ. ಫ್ಲೆಮಿಂಗೊಗೆ ಗೋಡೆಯಲ್ಲಿ ಜಾಗವಿಲ್ಲದಿದ್ದರೆ ಪುಟ್ಟ ಹಕ್ಕಿಯೊಂದನ್ನು ಆರಿಸಿ, ಅದನ್ನಾದರೂ ನಿಜಗಾತ್ರದಲ್ಲಿ ತೂಗುಹಾಕಬಹುದು.